ಹಡಗಿನ ಅಡುಗೆಮನೆಯ ಕೆಲಸವನ್ನು ನಮ್ಮ ಮಕ್ಕಳಿಗೆ ಪೂರ್ತಿಯಾಗಿ ತಿಳಿಸಿ ಹೇಳಬೇಕು

ಮಾನ್ಯ ಸಂಪಾದಕರಿಗೆ ವಂದನೆಗಳು.

ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಕಳೆದ ವರ್ಷ ನೌಕಾಪಡೆಯ ಎಂಆರ್ (ಮೆಟ್ರಿಕ್ ರಿಕ್ರೂಟ್, ಅಂದರೆ ಹತ್ತನೇ ತರಗತಿ ಪಾಸಾದವರನ್ನು ಅಡುಗೆಯಂಥ ಕೆಲಸಗಳಿಗೆ ಸೇರಿಸಿಕೊಳ್ಳುವ) ಅಗ್ನಿವೀರ ಭರ್ತಿಗೆ ಅರ್ಜಿ ಹಾಕಿದ್ದ. ಪರೀಕ್ಷೆಯಲ್ಲಿ ಪಾಸಾದ, 1.6 ಕಿಲೋಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಿದ, ವೈದ್ಯಕೀಯ ತಪಾಸಣೆಯಲ್ಲೂ ತೇರ್ಗಡೆಯಾದ. ಇಷ್ಟೆಲ್ಲ ಆದ ಮೇಲೆ, ಒಡಿಶಾದ ಐಎನ್‌ಎಸ್ ಚಿಲ್ಕಾ ತರಬೇತಿ ಕೇಂದ್ರಕ್ಕೆ ಹೊರಡಬೇಕಾದ ವಾರದಲ್ಲಿ ಚೀಲ ಕಟ್ಟದೆ ಮನೆಯಲ್ಲೇ ಕುಳಿತುಬಿಟ್ಟ. ವಿಷಯ ತಿಳಿದು ನಾನು ಅವರ ಮನೆಗೆ ಹೋದಾಗ ಅವನು ತಲೆ ತಗ್ಗಿಸಿಕೊಂಡೇ, “ಅಡಿಗಿ ಮಾಡ್ಲಾಕ ಅಷ್ಟು ದೂರ ಯಾಕ ಹೋಗಬೇಕ್ರಿ ಕಾಕಾ? ಊರಾಗ ಮಂದಿ ನಗ್ಲತಾರ” ಎಂದ. ಅವನ ಅಜ್ಜಿಗೆ ಬೇರೆಯೇ ಚಿಂತೆಯಿತ್ತು. ಲಿಂಗ ಕಟ್ಟಿಕೊಂಡ ಮನೆಯ ಹುಡುಗ ಅಲ್ಲಿಗೆ ಹೋಗಿ ಮಾಂಸ ಕೊಯ್ಯಬೇಕಂತೆ ಎಂಬ ಮಾತು ಯಾರಿಂದಲೋ ಆ ತಾಯಿಯ ಕಿವಿಗೆ ಬಿದ್ದಿತ್ತು. ಈ ಎರಡೂ ಮಾತಿಗೆ ಉತ್ತರ ಹೇಳಬಲ್ಲವನು ನಾನು ಮೂರು ಕಿಲೋಮೀಟರ್ ದೂರದಲ್ಲೇ ಇದ್ದೆ. ನಾಲ್ಕು ದಿನ ಮೊದಲು ಗೊತ್ತಾಗಿದ್ದರೆ ಏನಾದರೂ ಆಗುತ್ತಿತ್ತೇನೋ. ನಾನು ಹೋಗುವಷ್ಟರಲ್ಲಿ ಅಲ್ಲಿ ಹಾಜರಾಗಬೇಕಾದ ದಿನಾಂಕ ಮುಗಿದಿತ್ತು. ಆ ಸಂಕಟದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು 2001ರಿಂದ 2018ರವರೆಗೆ ಹದಿನೇಳು ವರ್ಷ ಭಾರತೀಯ ನೌಕಾಪಡೆಯಲ್ಲಿ ಅಡುಗೆಯವನಾಗಿ ಸೇವೆ ಸಲ್ಲಿಸಿ, ಪೆಟಿ ಆಫೀಸರ್ ಆಗಿ ನಿವೃತ್ತನಾದವನು. ಊರು ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಒಂದು ಹಳ್ಳಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನಮಗೆ ಸಮುದ್ರವೆಂದರೆ ದೂರದ ಮಾತು. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿರುವುದರಿಂದ ಅಲ್ಲಿನ ಮಕ್ಕಳಿಗೆ ವಿಮಾನದ ಸದ್ದಾದರೂ ಪರಿಚಿತ. ಭೂಸೇನೆಗೆ ಸೇರಿದವರು ಊರಿಗೊಬ್ಬರಾದರೂ ಸಿಗುತ್ತಾರೆ. ನೌಕಾಪಡೆಯವರು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಹೀಗಾಗಿ ಭರ್ತಿಯ ಮಾರ್ಗದರ್ಶನ ಶಿಬಿರಗಳಲ್ಲಿ ಮಾತನಾಡುವವರು ಬಿಳಿ ಸಮವಸ್ತ್ರದ ಬಗ್ಗೆ, ಯುದ್ಧನೌಕೆಯ ಬಗ್ಗೆ, ಪರದೇಶದ ಬಂದರುಗಳ ಬಗ್ಗೆ ಹೇಳಿ ಮುಗಿಸುತ್ತಾರೆ. ಎಂಆರ್ ಎಂದರೆ ಏನು ಕೆಲಸ ಎಂಬ ಪ್ರಶ್ನೆ ಬಂದಾಗ ಮಾತು ತೇಲಿಸಿಬಿಡುತ್ತಾರೆ. ನಮ್ಮ ಕಡೆಯ ಅಂಥ ಒಂದು ಶಿಬಿರದಲ್ಲಿ ನಾನೇ ಹಿಂದಿನ ಸಾಲಿನಲ್ಲಿ ಕುಳಿತು ಇದನ್ನು ಕೇಳಿದ್ದೇನೆ. ನನ್ನ ಮೊದಲ ವಿನಂತಿ ಇದು: ಹಡಗಿನ ಅಡುಗೆಯವನ ಕೆಲಸವನ್ನು ಮುಚ್ಚಿಡದೆ, ಕೀಳು ಮಾಡದೆ, ಬಣ್ಣ ಹಚ್ಚದೆ, ಇದ್ದಹಾಗೆ ನಮ್ಮ ಮಕ್ಕಳ ಮುಂದೆ ಇಡಬೇಕು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು, ಆದರೆ ತಿಳಿದು ಒಪ್ಪಲಿ, ತಿಳಿದು ಬಿಡಲಿ.

ಹತ್ತನೇ ತರಗತಿ ಪಾಸಾದವರಿಗೆ ನೌಕಾಪಡೆಯಲ್ಲಿ ಇರುವ ಬಾಗಿಲು ಈ ಎಂಆರ್ ಪ್ರವೇಶ. ಇದರಲ್ಲಿ ಅಡುಗೆ, ಸ್ಟೀವರ್ಡ್ ಮತ್ತು ನೈರ್ಮಲ್ಯ ಎಂಬ ಮೂರು ವಿಭಾಗಗಳಿವೆ. ಸ್ಟೀವರ್ಡ್ ಆದವನು ಅಧಿಕಾರಿಗಳ ಮೆಸ್ಸಿನಲ್ಲಿ ಬಡಿಸುವುದು, ಕೊಠಡಿಗಳ ವ್ಯವಸ್ಥೆ, ಅಲ್ಲಿನ ಲೆಕ್ಕಪತ್ರ ನೋಡಿಕೊಳ್ಳಬೇಕು. ಅಡುಗೆಯವನ ಕೆಲಸವೇನು ಎಂಬುದನ್ನು ನೌಕಾಪಡೆಯ ಪ್ರಕಟಣೆಯಲ್ಲೇ ಬರೆದಿರುತ್ತಾರೆ. ಪಟ್ಟಿಯ ಪ್ರಕಾರ ಸಸ್ಯಾಹಾರ ಮತ್ತು ಮಾಂಸಾಹಾರ ಎರಡನ್ನೂ ಮಾಡಬೇಕು, ಮಾಂಸವನ್ನು ಕೈಯಿಂದ ಮುಟ್ಟಿ ಸಿದ್ಧಪಡಿಸಬೇಕು, ರೇಷನ್ನಿನ ಲೆಕ್ಕ ಇಡಬೇಕು. ಇದರ ಜೊತೆಗೆ ಬಂದೂಕಿನ ತರಬೇತಿ ಪಡೆಯಬೇಕು, ಹೇಳಿದ ಇತರ ಕರ್ತವ್ಯಗಳನ್ನೂ ಮಾಡಬೇಕು. ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ಆ ಹುಡುಗನಿಗೆ ಯಾರೂ ಓದಿ ಹೇಳಿರಲಿಲ್ಲ ಎಂಬುದೇ ನನ್ನ ನೋವು. ಅವನು ಆನ್‌ಲೈನ್ ಸೆಂಟರಿನಲ್ಲಿ ಐವತ್ತು ರೂಪಾಯಿ ಕೊಟ್ಟು ಅರ್ಜಿ ತುಂಬಿಸಿದ್ದ, ತುಂಬಿದವರೂ ಓದಿರಲಿಕ್ಕಿಲ್ಲ.

ಮೊದಲು ಗ್ಯಾಲಿಯ ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ. ಹಡಗಿನ ಅಡುಗೆಮನೆಯನ್ನು ಗ್ಯಾಲಿ ಎನ್ನುತ್ತಾರೆ. ನಾನು ಹೆಚ್ಚು ಕಾಲ ಇದ್ದ ಹಡಗಿನಲ್ಲಿ ಸುಮಾರು 300 ಜನರಿದ್ದರು, ಅವರಿಗೆಲ್ಲ ಅಡುಗೆ ಮಾಡಲು ನಾವು ಎಂಟೊಂಬತ್ತು ಜನ. ತಲೆಗೆ ನಾಲ್ಕರಂತೆ ಹಿಡಿದರೂ ಒಂದು ಹೊತ್ತಿಗೆ 1,200 ಚಪಾತಿ ಬೇಕು. ಬೆಳಗಿನ ನಾಷ್ಟಾಕ್ಕೆ ಪೂರಿ ಇದ್ದ ದಿನ ಮೂರೂವರೆಗೆ ಎದ್ದು ಹಿಟ್ಟು ನಾದಲು ನಿಲ್ಲುತ್ತಿದ್ದೆವು. ನಮ್ಮ ಗ್ಯಾಲಿಗೆ ಕಿಟಕಿ ಇರಲಿಲ್ಲ, ಉರಿಯುವ ಒಲೆಯೂ ಇರಲಿಲ್ಲ. ಬೆಂಕಿಯ ಭಯದಿಂದ ಎಲ್ಲವೂ ವಿದ್ಯುತ್ತಿನ ಒಲೆ, ಹಬೆಯ ಕೊಪ್ಪರಿಗೆ. ಹಡಗು ವಾಲಿದಾಗ ಪಾತ್ರೆ ಜಾರಿ ಬೀಳದಂತೆ ಒಲೆಯ ಸುತ್ತ ಕಬ್ಬಿಣದ ಅಡ್ಡಪಟ್ಟಿಗಳನ್ನು ಸಿಕ್ಕಿಸಿರುತ್ತಾರೆ. ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ಮೇಲಿದ್ದಾಗ ಆ ಕೋಣೆಯ ಸೆಖೆ ನಮ್ಮ ಕಲಬುರಗಿಯ ಬಿಸಿಲನ್ನು ಕಂಡವನಿಗೂ ತಲೆ ತಿರುಗಿಸುವಂಥದ್ದು. ನಮ್ಮ ಬಿಸಿಲಿಗೆ ಬೇವಿನ ಗಿಡದ ನೆರಳಾದರೂ ಇದೆ.

ಮಳೆಗಾಲದ ಸಮುದ್ರವೇ ಬೇರೆ. ಆಗ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ, ಕಾದ ಎಣ್ಣೆಯ ಕಡಾಯಿ ಇಡುವಂತಿಲ್ಲ, ಕಾಲು ಅಗಲಿಸಿ ನಿಂತು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಸೌಟು ಆಡಿಸಬೇಕು. ಸೇವೆಗೆ ಸೇರಿದ ಐದನೇ ವರ್ಷ, ಜುಲೈ ತಿಂಗಳ ಒಂದು ರಾತ್ರಿ, ಬೇಳೆಯ ಕೊಪ್ಪರಿಗೆಯ ಮುಚ್ಚಳವನ್ನು ಬಿಗಿಯಲು ನಾನು ಮರೆತಿದ್ದೆ. ಹಡಗು ಎಡಕ್ಕೆ ವಾಲಿ ಅಲ್ಲೇ ಒಂದು ಕ್ಷಣ ನಿಂತು, ನಾವು ಉಸಿರು ಬಿಡುವಷ್ಟರಲ್ಲಿ ಬಲಕ್ಕೆ ವಾಲಿತು. ಮುಚ್ಚಳ ಹಾರಿ ಕುದಿಯುವ ಬೇಳೆ ನನ್ನ ಬಲಗೈ ಮೇಲೆ ಬಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಂದ ಆ ಕಲೆ ಇಂದಿಗೂ ಇದೆ. ತಣ್ಣೀರಿನಲ್ಲಿ ಕೈ ಇಟ್ಟುಕೊಂಡು ನಾನು ಕುಳಿತಿದ್ದಾಗ ಜೊತೆಯವರು ನೆಲಕ್ಕೆ ಬಿದ್ದ ಬೇಳೆಯನ್ನು ಬಾಚಿ ತೆಗೆದು, ನೆಲ ತೊಳೆದು, ಉಳಿದ ಅರ್ಧ ಕೊಪ್ಪರಿಗೆಗೆ ಬಿಸಿನೀರು, ಉಪ್ಪು, ಇನ್ನೊಂದು ಒಗ್ಗರಣೆ ಸೇರಿಸಿ ಊಟದ ಹೊತ್ತಿಗೆ ಬಡಿಸಿದರು. ಅರ್ಧ ತಾಸು ಕೂಡ ತಡವಾಗಲಿಲ್ಲ. ಪಹರೆ ಮುಗಿಸಿ ಬಂದವನು ತಟ್ಟೆ ಹಿಡಿದು ನಿಂತಾಗ ಇವತ್ತು ಊಟವಿಲ್ಲ ಎಂದು ಹೇಳುವ ಪದ್ಧತಿ ಹಡಗಿನಲ್ಲಿ ಇಲ್ಲ. ಈ ಅಪಾಯವನ್ನೂ ಹುಡುಗರಿಗೆ ಹೇಳಬೇಕು.

ಕೆರಳಿದ ಸಮುದ್ರದಲ್ಲಿ ಹೊಸಬರ ಹೊಟ್ಟೆಯಲ್ಲಿ ನೀರೂ ನಿಲ್ಲುವುದಿಲ್ಲ. ಅಂಥವರಿಗೆ ಒಣ ಚಪಾತಿ, ಬೇಯಿಸಿದ ಆಲೂಗಡ್ಡೆ, ನಿಂಬೆ, ಉಪ್ಪಿನಕಾಯಿ ಕೊಟ್ಟು, ಉಂಡರೋ ಇಲ್ಲವೋ ಎಂದು ಗಮನಿಸುವುದೂ ಅಡುಗೆಯವನಿಗೆ ಸೇರಿದ ಕೆಲಸ. ಬಂದರು ಬಿಟ್ಟ ಮೊದಲ ವಾರ ಸೊಪ್ಪು, ಟೊಮೆಟೊ, ಹಸಿರು ಕಾಯಿಪಲ್ಲೆ ಇರುತ್ತವೆ; ಆಮೇಲೆ ಉಳ್ಳಾಗಡ್ಡಿ, ಆಲೂಗಡ್ಡೆ, ಬೇಳೆಕಾಳು; ಕೊನೆಗೆ ಡಬ್ಬಿಯ ಪದಾರ್ಥ. ಯಾವುದನ್ನು ಮೊದಲು ಬಳಸಬೇಕು, ಶೀತಕೋಣೆಯಲ್ಲಿ ಯಾವುದು ಎಷ್ಟು ದಿನ ತಡೆಯುತ್ತದೆ, ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರದಿಂದ ಬರುವ ನೀರಿನಲ್ಲಿ ಅಡುಗೆಗೆ ಎಷ್ಟು, ತೊಳೆಯಲು ಎಷ್ಟು ಎಂಬ ಲೆಕ್ಕದಲ್ಲಿ ತಪ್ಪಿದರೆ ನಡುಸಮುದ್ರದಲ್ಲಿ ಕೇಳಲು ಕಿರಾಣಿ ಅಂಗಡಿ ಇರುವುದಿಲ್ಲ. ನಮ್ಮ ರೈತರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, 2013ರಲ್ಲಿ ಸೇವೆಗೆ ಸೇರಿದ, ನಮ್ಮದೇ ರಾಜ್ಯದ ಕಾರವಾರವನ್ನು ನೆಲೆ ಮಾಡಿಕೊಂಡ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ 1,600ಕ್ಕೂ ಹೆಚ್ಚು ಜನರಿರುತ್ತಾರೆ. ಆ ನೌಕೆಗೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕೆಂದು ಸರ್ಕಾರವೇ ಪ್ರಕಟಿಸಿದೆ. ಹದಿನಾರು ಟನ್ ಎಂದರೆ 160 ಕ್ವಿಂಟಲ್. ದಿನಕ್ಕೆ ಐದು ಕ್ವಿಂಟಲಿಗೂ ಹೆಚ್ಚು ಅಕ್ಕಿಯನ್ನು ತೊಳೆದು ಬೇಯಿಸುವ ಅಡುಗೆಮನೆ ಅದು. ಸಾಮಾನು ತುಂಬಿಕೊಂಡು ಹೊರಟರೆ ಸುಮಾರು 45 ದಿನ ಆ ಹಡಗು ಸಮುದ್ರದಲ್ಲೇ ಇರಬಲ್ಲದು. ಈ ಕೆಲಸವನ್ನು ರೊಟ್ಟಿ ಬಡಿಯುವುದು ಎಂಬ ಎರಡು ಮಾತಿನಲ್ಲಿ ತಳ್ಳಿಹಾಕುವವರು ಒಮ್ಮೆ ಈ ಲೆಕ್ಕವನ್ನು ಹಾಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನು ಮಾಂಸದ ವಿಷಯ. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ, ಆದ್ದರಿಂದ ಸಂಕೋಚವಿಲ್ಲದೆ ಬರೆಯುತ್ತೇನೆ. ನಮ್ಮ ಮನೆಯೂ ಶರಣಬಸವೇಶ್ವರರಿಗೆ ನಡೆದುಕೊಳ್ಳುವ ಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಚಿಲ್ಕಾದಲ್ಲಿ ಮೂಲ ತರಬೇತಿ ಮುಗಿದ ಮೇಲೆ ಅಡುಗೆಯ ತರಬೇತಿಗೆ ಮುಂಬೈನ ಮಲಾಡಿನಲ್ಲಿರುವ ಐಎನ್‌ಎಸ್ ಹಮ್ಲಾಕ್ಕೆ ಕಳುಹಿಸಿದರು. ಮೊದಲ ಸಲ ನನ್ನ ಮುಂದೆ ಕೋಳಿಗಳ ಟ್ರೇ ಇಟ್ಟ ದಿನ ನನ್ನ ಕೈ ನಡುಗಿತು, ರಾತ್ರಿ ಊಟ ಸೇರಲಿಲ್ಲ. ಮೊದಲ ರಜೆಗೆ ಊರಿಗೆ ಬಂದಾಗ ಅಪ್ಪನ ಮುಂದೆ ಹೇಳದೆ ಇರಲಾಗಲಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ನೀ ಉಣಬ್ಯಾಡ. ಉಣ್ಣೋರಿಗಿ ಮನಸಿಟ್ಟು ಮಾಡಿ ಹಾಕು” ಎಂದರು. ಹದಿನೇಳು ವರ್ಷ ನಾನು ಹಾಗೆಯೇ ನಡೆದುಕೊಂಡೆ. ಹಡಗಿನಲ್ಲಿ ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ, ಬೇರೆ ಅಡುಗೆ ಇರುತ್ತದೆ, ತಿನ್ನಲೇಬೇಕೆಂದು ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಮೊದಮೊದಲು ಮಾಂಸದ ಸಾರಿಗೆ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ಜೊತೆಯ ಕೇರಳದ ಹುಡುಗ ನೋಡಿ ಹೇಳುತ್ತಿದ್ದ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಕುದಿಯುವ ವಾಸನೆಯಿಂದಲೇ ನನಗೆ ಗೊತ್ತಾಗತೊಡಗಿತು. ಆದರೆ ಮುಟ್ಟಲೇಬೇಕು, ಕೊಯ್ಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಅದು ಸಾಧ್ಯವೇ ಇಲ್ಲ ಎನ್ನುವ ಮನೆಯವರು ಮಗನನ್ನು ಈ ಪ್ರವೇಶಕ್ಕೆ ಕಳುಹಿಸದಿರುವುದೇ ಒಳ್ಳೆಯದು. ಹೀಗೆ ಹೇಳುವುದರಿಂದ ಒಬ್ಬಿಬ್ಬರು ಹಿಂದೆ ಸರಿಯಬಹುದು, ಸರಿಯಲಿ. ಎಲ್ಲ ಪರೀಕ್ಷೆ ಗೆದ್ದು ಕೊನೆಯ ವಾರ ಮನೆಯಲ್ಲಿ ಕುಳಿತು ಇನ್ನೊಬ್ಬರ ಅವಕಾಶವನ್ನೂ ಕಳೆಯುವುದಕ್ಕಿಂತ ಅದು ಮೇಲು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಅಡುಗೆ ಮಾಡಿದವನ ಜಾತಿ ಯಾವುದೆಂದು ಕೇಳಿ ತಟ್ಟೆಗೆ ಕೈ ಹಾಕಿದವರನ್ನು ಹದಿನೇಳು ವರ್ಷಗಳಲ್ಲಿ ನಾನು ಹಡಗಿನಲ್ಲಿ ಕಾಣಲಿಲ್ಲ. ಪಂಜಾಬಿನವನು ನಾದಿದ ಹಿಟ್ಟನ್ನು ಒಡಿಶಾದವನು ಲಟ್ಟಿಸಿ ನಾನು ಬೇಯಿಸಿದರೆ ಮಣಿಪುರದವನು ಉಣ್ಣುತ್ತಿದ್ದ. ಊರಿಗೆ ಮರಳಿದ ಮೇಲೆ ಮದುವೆಮನೆಯ ಅಡುಗೆಯವರ ಬಗ್ಗೆ, ಶಾಲೆಯ ಬಿಸಿಯೂಟ ಮಾಡುವ ಹೆಣ್ಣುಮಕ್ಕಳ ಬಗ್ಗೆ ಕೆಲವರು ಆಡುವ ಮಾತು ಕಿವಿಗೆ ಬಿದ್ದಾಗ ನನಗೆ ಬಹಳ ಕಷ್ಟವಾಗುತ್ತದೆ. ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲಿದೆ. ಕಾಯಕ, ದಾಸೋಹ ಎಂಬ ಮಾತುಗಳನ್ನು ಮಕ್ಕಳಿಂದ ಭಾಷಣ ಮಾಡಿಸುವ ನೆಲ ನಮ್ಮದು. ಅಡುಗೆಯ ಕೆಲಸಕ್ಕೆ ಹೋಗುವ ಹುಡುಗನನ್ನು ನೋಡಿ ಇದೇ ನೆಲದಲ್ಲಿ ಮಂದಿ ನಗುತ್ತಾರೆ ಎಂದರೆ ಅದನ್ನು ನಾನು ಹೇಗೆ ಒಪ್ಪಲಿ?

ನೌಕಾಪಡೆಯಲ್ಲಿ ಊಟ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ನಮ್ಮ ದೇಶದ ಇತಿಹಾಸದಲ್ಲೇ ಸಾಕ್ಷಿಯಿದೆ. 1946ರ ಫೆಬ್ರುವರಿ 18ರಂದು ಮುಂಬೈನ ತಲ್ವಾರ್ ಎಂಬ ಸಂಪರ್ಕ ತರಬೇತಿ ಕೇಂದ್ರದ ನಾವಿಕರು ಕೆಟ್ಟ ಊಟವನ್ನು ಮುಟ್ಟುವುದಿಲ್ಲವೆಂದು ತಿರುಗಿ ನಿಂತರು. ಬ್ರಿಟಿಷ್ ಅಧಿಕಾರಿಗಳ ಬೈಗುಳ, ಸಂಬಳದ ತಾರತಮ್ಯ, ಸ್ವಾತಂತ್ರ್ಯದ ಹಂಬಲ ಎಲ್ಲವೂ ಅದರ ಹಿಂದೆ ಇದ್ದವು ನಿಜ, ಆದರೆ ಕಿಡಿ ಹೊತ್ತಿದ್ದು ತಟ್ಟೆಯಲ್ಲಿ. ಕೆಲವೇ ದಿನಗಳಲ್ಲಿ 78 ಹಡಗುಗಳಿಗೆ, 20 ನೆಲೆಗಳಿಗೆ, ಸುಮಾರು 20,000 ನಾವಿಕರಿಗೆ ಆ ಬಂಡಾಯ ಹಬ್ಬಿತು. ನಮ್ಮ ಕಾಲದಲ್ಲಿ ದಿನದ ಕರ್ತವ್ಯದ ಅಧಿಕಾರಿ ಬಡಿಸುವ ಮೊದಲು ಅಡುಗೆಯ ರುಚಿ ನೋಡುತ್ತಿದ್ದರು. ಗ್ಯಾಲಿಯ ಮೂಲೆಯಲ್ಲಿ ಬೆರಳಾಡಿಸಿ ಜಿಡ್ಡು ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಉಗುರು ಬೆಳೆದಿದ್ದರೆ ಒಲೆಯ ಬಳಿ ನಿಲ್ಲುವಂತಿರಲಿಲ್ಲ. ಅದು ಸರಿಯಾದದ್ದೇ, ಏಕೆಂದರೆ ಒಂದು ಹೊತ್ತಿನ ಅಡುಗೆ ಕೆಟ್ಟು ಇನ್ನೂರು ಜನ ವಾಂತಿಭೇದಿಯಿಂದ ಮಲಗಿದರೆ ತೋಪಿನ ಹಿಂದೆ ನಿಲ್ಲುವವರಿಲ್ಲದೆ ಹಡಗು ಇದ್ದೂ ಇಲ್ಲದಂತೆ.

ಅಡುಗೆಯವನು ಸೈನಿಕನೇ ಎಂದು ನನ್ನನ್ನು ಊರಿನ ಹಿರಿಯರೊಬ್ಬರು ಒಮ್ಮೆ ಕೇಳಿದ್ದರು. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಯುದ್ಧ ಸನ್ನದ್ಧತೆಯ ಗಂಟೆ ಬಾರಿಸಿದ ಕೂಡಲೇ ನಾವು ಒಲೆ ಆರಿಸಿ ನಮಗೆ ಗೊತ್ತುಮಾಡಿದ ಜಾಗಕ್ಕೆ ಓಡುತ್ತಿದ್ದೆವು. ನನ್ನ ಜಾಗ ಬೆಂಕಿ ಆರಿಸುವ ಮತ್ತು ಸೋರಿಕೆ ತಡೆಯುವ ತಂಡದಲ್ಲಿತ್ತು. ಇನ್ನು ಕೆಲವರದು ಗಾಯಾಳುಗಳನ್ನು ಹೊರುವ ಕೆಲಸ. ಸಮುದ್ರದ ನಡುವೆ ಅಗ್ನಿಶಾಮಕ ದಳ ಬರುವುದಿಲ್ಲ, ಹಡಗಿನವರೇ ಆರಿಸಬೇಕು. ಸನ್ನದ್ಧತೆ ತಾಸುಗಟ್ಟಲೆ ಮುಂದುವರಿದರೆ ಯಾರೂ ಮೆಸ್ಸಿಗೆ ಬರುವಂತಿಲ್ಲ. ನಾವೇ ಪೂರಿ ಪಲ್ಯದ ಪೊಟ್ಟಣ ಕಟ್ಟಿಕೊಂಡು ಏಣಿ ಇಳಿದು ಎಂಜಿನ್ ಕೋಣೆಗೆ, ಏಣಿ ಹತ್ತಿ ತೋಪಿನ ಬಳಿಗೆ ಮುಟ್ಟಿಸಬೇಕು. 1971ರ ಡಿಸೆಂಬರ್ 9ರಂದು ದಿಯು ಕರಾವಳಿಯಾಚೆ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು ಮತ್ತು 176 ನಾವಿಕರು ಸಮುದ್ರದ ಪಾಲಾದರು. ಟಾರ್ಪಿಡೊ ಬಡಿದ ಹಡಗಿನಲ್ಲಿ ತೋಪಿನವನಿಗೆ ಒಂದು ಪಾಲು, ಸೌಟಿನವನಿಗೆ ಒಂದು ಪಾಲು ಎಂಬುದಿಲ್ಲ. ಪರದೇಶದ ಉದಾಹರಣೆಯೂ ಒಂದಿದೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿದಾಗ, ಕಪ್ಪು ವರ್ಣದವನೆಂಬ ಕಾರಣಕ್ಕೆ ಮೆಸ್ಸಿನ ಕೆಲಸಕ್ಕೇ ಸೀಮಿತನಾಗಿದ್ದ ಡೋರಿಸ್ ಮಿಲ್ಲರ್ ಎಂಬ ಅಮೆರಿಕದ ನಾವಿಕ ಗಾಯಗೊಂಡವರನ್ನು ಹೊತ್ತು ಸಾಗಿಸಿ, ತನಗೆ ಯಾರೂ ಕಲಿಸದಿದ್ದ ವಿಮಾನ ನಿರೋಧಕ ಬಂದೂಕನ್ನು ಹಿಡಿದು ನಿಂತ. ಮರುವರ್ಷ ಅವನಿಗೆ ನೇವಿ ಕ್ರಾಸ್ ಪದಕ ದೊರೆಯಿತು. 1943ರಲ್ಲಿ ಅವನಿದ್ದ ಹಡಗು ಮುಳುಗಿ ಪ್ರಾಣ ಬಿಟ್ಟಾಗಲೂ ಅವನು ಅಡುಗೆಯ ವಿಭಾಗದವನೇ ಆಗಿದ್ದ. ಆ ದೇಶ ಈಗ ಒಂದು ವಿಮಾನವಾಹಕ ನೌಕೆಗೆ ಅವನ ಹೆಸರಿಡುವುದಾಗಿ ಘೋಷಿಸಿದೆ.

ಯುದ್ಧವಿಲ್ಲದ ದಿನಗಳಲ್ಲೂ ಗ್ಯಾಲಿಗೆ ಬಿಡುವಿಲ್ಲ. 2006ರಲ್ಲಿ ಲೆಬನಾನಿನ ಮೇಲೆ ಬಾಂಬು ಬೀಳುತ್ತಿದ್ದಾಗ ನಮ್ಮ ನೌಕಾಪಡೆಯ ನಾಲ್ಕು ಹಡಗುಗಳು ಬೈರೂತಿನಿಂದ ಸುಮಾರು 2,280 ಜನರನ್ನು ಸೈಪ್ರಸ್ಸಿಗೆ ಸಾಗಿಸಿದವು. ಭಾರತೀಯರ ಜೊತೆಗೆ ನೇಪಾಳ, ಶ್ರೀಲಂಕಾದವರೂ ಅದರಲ್ಲಿದ್ದರು. ಆ ಹಡಗುಗಳಲ್ಲೊಂದರಲ್ಲಿ ಅಡುಗೆಯವನಾಗಿದ್ದ ಗೆಳೆಯನೊಬ್ಬ ನನಗೆ ಹೇಳಿದ್ದು ಇನ್ನೂ ನೆನಪಿದೆ. ಡೆಕ್ಕಿನ ಮೇಲೆ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ ತಾಯಂದಿರು ಮೊದಲು ಕೇಳಿದ್ದು ಹಾಲನ್ನು, ಆಮೇಲೆ ಫೋನನ್ನು.

ನನ್ನ ಸೇವೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ನೆನಪನ್ನೂ ಹೇಳಲು ಅಪ್ಪಣೆ ಬೇಡುತ್ತೇನೆ. ಒಂದು ರಾಜ್ಯೋತ್ಸವದ ದಿನ ನಮ್ಮ ಹಡಗು ಸಮುದ್ರದಲ್ಲಿತ್ತು. ಹಡಗಿನಲ್ಲಿ ಕನ್ನಡಿಗರು ಏಳು ಜನ. ಬಳ್ಳಾರಿಯವನೊಬ್ಬ, ವಿಜಯಪುರದವರಿಬ್ಬರು, ಉಳಿದವರು ಕರಾವಳಿಯವರು. ರಜೆಯಿಂದ ಮರಳುವಾಗ ಅವ್ವ ಕಟ್ಟಿಕೊಟ್ಟಿದ್ದ ಐದು ಸೇರು ಜೋಳದ ಹಿಟ್ಟು, ಶೇಂಗಾ ಹಿಂಡಿ ನನ್ನ ಪೆಟ್ಟಿಗೆಯಲ್ಲಿ ಇದ್ದವು. ಗ್ಯಾಲಿಯ ಹಿರಿಯರ ಅನುಮತಿ ಪಡೆದು, ಮಧ್ಯಾಹ್ನದ ಪಾಳಿ ಮುಗಿದ ಮೇಲೆ ಸ್ಟೀಲಿನ ಟ್ರೇಯನ್ನೇ ಕೊಣಮಿಗೆ ಮಾಡಿಕೊಂಡು ಕುದಿನೀರು ಹಾಕಿ ಹಿಟ್ಟು ನಾದಿದೆ. ಬಡಿಯುವಾಗ ಹಡಗು ವಾಲಿದಂತೆಲ್ಲ ರೊಟ್ಟಿ ಒಂದು ಕಡೆಗೆ ಜಾರುತ್ತಿತ್ತು, ಅಂಚು ಹರಿಯುತ್ತಿತ್ತು. ವಿದ್ಯುತ್ ಒಲೆಯ ಕಬ್ಬಿಣದ ಹಾಸಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿದೆ. ಉರಿಗೆ ಹಿಡಿದು ಉಬ್ಬಿಸುವಂತಿಲ್ಲದ್ದರಿಂದ ಬಟ್ಟೆಯಲ್ಲೇ ಅಂಚು ಒತ್ತುತ್ತ ಹೋದೆ. ನಾಲ್ಕನೆಯದು ಉಬ್ಬಿತು. ನಮ್ಮ ಭಾಗದ ತೊಗರಿಬೇಳೆಗೆ ಇಂದು ಭೌಗೋಳಿಕ ಗುರುತು ಸಿಕ್ಕಿದೆ, ಅಂದು ಅದರದೇ ಗಟ್ಟಿಬೇಳೆ ಮಾಡಿದ್ದೆ. ವಿಜಯಪುರದ ಹುಡುಗರಿಬ್ಬರು ಮಾತಾಡದೆ ಉಂಡರು. ಮರುದಿನ ಹಡಗಿನ ಕಮಾಂಡಿಂಗ್ ಆಫೀಸರ್ ಅವರು ತಮಗೂ ಒಂದು ರೊಟ್ಟಿ ಉಳಿದಿದೆಯೇ ಎಂದು ಕೇಳಿ ಕಳುಹಿಸಿದರು.

ಈಗ ಸೇರುವವರ ಸ್ಥಿತಿ ನಮ್ಮದಕ್ಕಿಂತ ಬೇರೆ ಎಂಬುದನ್ನು ಮರೆಮಾಚಬಾರದು. ನಮಗೆ ಹದಿನೈದು ವರ್ಷ ಸೇವೆ ಮಾಡಿದರೆ ಪಿಂಚಣಿ ಇತ್ತು. 2022ರಿಂದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000 ರೂಪಾಯಿ ಎಂದಿದ್ದರೂ ಅದರಲ್ಲಿ ಶೇ 30ರಷ್ಟನ್ನು ಸೇವಾನಿಧಿಗೆ ಹಿಡಿಯುತ್ತಾರೆ. ಸರ್ಕಾರವೂ ಅಷ್ಟೇ ಸೇರಿಸಿ, ಬಡ್ಡಿ ಬಿಟ್ಟು ಸುಮಾರು 10.04 ಲಕ್ಷ ರೂಪಾಯಿಯನ್ನು ಕೊನೆಗೆ ಕೈಗೆ ಕೊಡುತ್ತದೆ. ಹೆಚ್ಚೆಂದರೆ ಶೇ 25ರಷ್ಟು ಜನರನ್ನು ಮುಂದಕ್ಕೆ ಉಳಿಸಿಕೊಳ್ಳುತ್ತಾರೆ, ಉಳಿದವರಿಗೆ ಪಿಂಚಣಿಯಿಲ್ಲ. 2022ರ ಕೊನೆಯಲ್ಲಿ ಚಿಲ್ಕಾಕ್ಕೆ ಹೋದ ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆಗೆ ತುಂಬುತ್ತದೆ. ಹೊರಬರುವಾಗ ಕೌಶಲದ ಪ್ರಮಾಣಪತ್ರವನ್ನು, ಹತ್ತನೇ ತರಗತಿಯವರಿಗೆ ಹನ್ನೆರಡನೇ ತರಗತಿಗೆ ಸಮಾನವಾದ ಪ್ರಮಾಣಪತ್ರವನ್ನು ಕೊಡುವುದಾಗಿ ನಿಯಮವಿದೆ. ಆ ಕಾಗದಕ್ಕೆ ನಮ್ಮ ಜಿಲ್ಲೆಗಳಲ್ಲಿ ಬೆಲೆ ಬರಬೇಕು ಎಂಬುದು ನನ್ನ ಎರಡನೇ ಕೋರಿಕೆ. ಮುನ್ನೂರು ಜನರಿಗೆ ದಿನಕ್ಕೆ ಮೂರು ಹೊತ್ತು ಶುಚಿಯಾಗಿ, ಲೆಕ್ಕವಿಟ್ಟು, ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿ ಬಂದ ಇಪ್ಪತ್ತೈದು ವರ್ಷದ ಯುವಕ ಅಥವಾ ಯುವತಿ ನಮ್ಮ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ, ವಸತಿಶಾಲೆಗಳಿಗೆ, ಸರ್ಕಾರಿ ಆಸ್ಪತ್ರೆಗಳ ಅಡುಗೆಮನೆಗಳಿಗೆ ಎಷ್ಟು ಉಪಯೋಗವಾಗಬಲ್ಲರು ಎಂಬುದನ್ನು ಜಿಲ್ಲಾಡಳಿತಗಳು ಈಗಲೇ ಯೋಚಿಸಬೇಕು. ಅಡುಗೆ ಸಹಾಯಕರ ನೇಮಕಾತಿಯಲ್ಲಿ, ಅದರಲ್ಲೂ ಅಡುಗೆಯ ಉಸ್ತುವಾರಿಯ ಹುದ್ದೆಗಳಲ್ಲಿ ಈ ಅನುಭವಕ್ಕೆ ಆದ್ಯತೆ ಕೊಟ್ಟರೆ ಹಾಸ್ಟೆಲ್ ಮಕ್ಕಳ ತಟ್ಟೆಯೂ ಸುಧಾರಿಸುತ್ತದೆ.

ಭಾಷೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಎಂಆರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಹತ್ತನೇ ತರಗತಿಯ ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಓದಿದ ನಮ್ಮ ಹಳ್ಳಿಯ ಹುಡುಗ ಉತ್ತರ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಸೋಲುತ್ತಾನೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತಿರುವಾಗ ನೌಕಾಪಡೆಗೂ ಅದು ಸಾಧ್ಯವಾಗಬೇಕು. ನಮ್ಮ ಭಾಗದ ಸಂಸದರು ಇದನ್ನು ರಕ್ಷಣಾ ಸಚಿವಾಲಯದ ಮುಂದಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ಅಲ್ಲಿಯವರೆಗೆ ನಮ್ಮ ಪ್ರೌಢಶಾಲೆಗಳ ಶಿಕ್ಷಕರು ಹಳೆಯ ಪ್ರಶ್ನೆಗಳನ್ನು ಕನ್ನಡ ಮಾಡಿ ಕಲಿಸಿಕೊಟ್ಟರೆ ದೊಡ್ಡ ಉಪಕಾರ.

ಚಿಲ್ಕಾ ಬಹಳ ದೂರ ಎಂಬ ಹೆದರಿಕೆಯೂ ತಾಯಂದಿರಲ್ಲಿ ಇದೆ. ಮುಂಬೈಯಿಂದ ಭುವನೇಶ್ವರಕ್ಕೆ ಹೋಗುವ ಕೋನಾರ್ಕ್ ಎಕ್ಸ್‌ಪ್ರೆಸ್ ಕಲಬುರಗಿಯಲ್ಲೇ ನಿಲ್ಲುತ್ತದೆ, ಚಿಲಿಕಾ ಸರೋವರದ ದಂಡೆಯನ್ನು ಹಾದೇ ಹೋಗುತ್ತದೆ. ನಡುವೆ ರೈಲು ಬದಲಿಸುವ ಕೆಲಸವಿಲ್ಲ. ಈಜು ಬರಬೇಕು, ಬಾವಿಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಅದು ಕಷ್ಟವಲ್ಲ, ಬಾರದವರಿಗೆ ಅಲ್ಲಿ ಕಲಿಸುತ್ತಾರೆ. ಈ ಪ್ರವೇಶ ಈಗ ಹೆಣ್ಣುಮಕ್ಕಳಿಗೂ ತೆರೆದಿದೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ನಮ್ಮ ಓಣಿಯ ಒಬ್ಬ ಹುಡುಗಿ ಕಳೆದ ತಿಂಗಳು ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ನಾನು ಮೊದಲು ಕೈಯ ಕಲೆ ತೋರಿಸಿದೆ, ಮಾಂಸದ ವಿಷಯ ಹೇಳಿದೆ, ನಾಲ್ಕು ವರ್ಷದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರಪ್ಪ ಎರಡು ಸಲ ಆ ಕಾಗದ ಓದಿದರು. ಈಗ ಆ ಹುಡುಗಿ ದಿನವೂ ಬೆಳಿಗ್ಗೆ ಐದಕ್ಕೆ ಕಾಲುವೆಯ ದಾರಿಯಲ್ಲಿ ಓಡುತ್ತಿದ್ದಾಳೆ.

ಸೇಡಂ, ಚಿತ್ತಾಪುರ, ಚಿಂಚೋಳಿ, ಯಾದಗಿರಿ ಕಡೆಯ ಯಾವುದೇ ಪ್ರೌಢಶಾಲೆ, ಕಾಲೇಜು ಅಥವಾ ಶಿಬಿರದವರು ಕರೆದರೆ ನಾನು ಬಂದು ಈ ಕೆಲಸದ ಒಳ್ಳೆಯದನ್ನೂ ಕಷ್ಟವನ್ನೂ ಮಕ್ಕಳಿಗೆ ಹೇಳಲು ಸಿದ್ಧನಿದ್ದೇನೆ. ತೊಗರಿ ರಾಶಿಯ ಹದಿನೈದು ದಿನ ಬಿಟ್ಟರೆ ವರ್ಷವೆಲ್ಲ ಬಿಡುವಿದೆ. ಒಂದು ತಾಸು ಸಮಯ ಕೊಟ್ಟರೆ ಸಾಕು, ಬಸ್ಸಿನ ಖರ್ಚು ನನ್ನದೇ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿರುತ್ತದೆ. ಕೇಳಿದವರಿಗೆ ದಯವಿಟ್ಟು ಕೊಡಿ.

ಇಂತಿ ತಮ್ಮ ವಿಶ್ವಾಸಿ,
ನೌಕಾಪಡೆಯ ನಿವೃತ್ತ ಪೆಟಿ ಆಫೀಸರ್, ಅಡುಗೆ ವಿಭಾಗ
ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ